ಕೈ ಹಿಂದೆ ಕಟ್ಟಿ ಕಲಿಸುವ ಊರು

ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆಯ ಕೆಲಸವೆಂದರೆ ಏನೂ ತಿಳಿಯದವಳಾಗಿ ಕೂರುವುದು. ಕುರ್ಚಿಯ ಮೇಲೆ, ಫ್ಯಾನಿನ ಕೆಳಗೆ, ಮಧ್ಯಾಹ್ನದ ಊಟ ಸಹಿತ. ತಮಾಷೆಗೆ ಹೇಳುತ್ತಿಲ್ಲ. ಮಣಿಪಾಲಕ್ಕೆ ಡಾಕ್ಟರಾಗಲು ಬಂದ ಹುಡುಗರು ಹೆಣ ಕೊಯ್ದು ಕಲಿಯುತ್ತಾರಂತೆ. ಅದೇ ಊರಿನ ಇನ್ನೊಂದು ಕಟ್ಟಡದ ಮೂರನೇ ಮಾಳಿಗೆಯಲ್ಲಿ, ಪಾಠ ಹೇಳುವುದನ್ನು ಕಲಿಯಲು ಬಂದ ಹೆಂಗಸರು ನನ್ನ ಮೇಲೆ ಕಲಿಯುತ್ತಿದ್ದರು. ಹೆಣಕ್ಕೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ನನಗೆ ನಡುನಡುವೆ ಚಹಾ ಕೊಡುತ್ತಿದ್ದರು.

ನಮ್ಮೂರ ಹೆಂಗಸರ ಫೋನಿನ ಗುಂಪಿನಲ್ಲಿ ಇದನ್ನು ಓದುವವರು ಓದಲು ಬಾರದವರಿಗೂ ಓದಿ ಹೇಳಿರಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಇಷ್ಟುದ್ದ ಬರೆಯಲು ಎಲ್ಲಿ ಕಲಿತಳು ಎಂದು ಕೇಳಬೇಡಿ. ನಾನು ಬರೆಯುವುದಿಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳುತ್ತೇನೆ, ಅದು ಬರೆದುಕೊಳ್ಳುತ್ತದೆ. ನಮ್ಮ ಕಡೆಯ ಮಾತು ಅದಕ್ಕೆ ಹತ್ತುವುದಿಲ್ಲ, ಏನೇನೋ ಬರೆಯುತ್ತದೆ. ಶಾಲೆಯ ಪುಸ್ತಕದಲ್ಲಿ ಇದ್ದ ಹಾಗೆ ಮಾತಾಡಿದರೆ ಮಾತ್ರ ಸರಿಯಾಗಿ ಬರೆಯುತ್ತದೆ. ಹೀಗಾಗಿ ಮುದುಕಿ ಮಾಸ್ತರರ ಹಾಗೆ ಮಾತಾಡುತ್ತಾಳೆ ಎನ್ನಿಸಿದರೆ ಅದು ಫೋನಿನ ತಪ್ಪು. ನಡುವೆ ಬರುವ ಮಾತುಕತೆಯನ್ನು ಮಾತ್ರ ಆಡಿದ ಹಾಗೇ ಮೊಮ್ಮಗಳಿಂದ ಬರೆಸಿದ್ದೇನೆ.

ನಾವು ಇಲ್ಲಿಗೆ ಬಂದದ್ದು ಮಗನ ಬೆನ್ನು ಹತ್ತಿ. ಅವನು ಮಣಿಪಾಲದ ಕಟ್ಟಡಗಳಲ್ಲಿ ಕಬ್ಬಿಣದ ಸರಳು ಕಟ್ಟುತ್ತಿದ್ದ. ಮೊದಲು ತಗಡಿನ ಶೆಡ್ಡು, ಆಮೇಲೆ ಅಲೆವೂರಿನಲ್ಲಿ ಒಂದು ಮನೆಯ ಹಿಂದಿನ ಎರಡು ಕೋಣೆ. ಅದಾದ ಮೇಲೆ ಮಗ ಕೆಲಸಕ್ಕೆಂದು ಗೋವಾಕ್ಕೆ ಹೋದ. ಅಲ್ಲಿ ಅವನಿಗೆ ಈಗ ಇನ್ನೊಂದು ಸಂಸಾರವಿದೆ. ಇದನ್ನು ನೀವು ಊರಲ್ಲಿ ಬೇರೆ ಬೇರೆ ರೀತಿ ಹೇಳಿಕೊಂಡಿದ್ದೀರೆಂದು ನನಗೆ ಗೊತ್ತು. ಇನ್ನು ಬಾಯಿ ನೋಯಿಸಿಕೊಳ್ಳಬೇಡಿ, ಇದ್ದದ್ದನ್ನು ನಾನೇ ಹೇಳಿದ್ದೇನೆ. ಉಳಿದವರು ಮೂವರು: ನಾನು, ಸೊಸೆ ರೇಣುಕಾ, ಶಾಲೆಗೆ ಹೋಗುವ ಮೊಮ್ಮಗಳು. ಮಗನನ್ನು ಬಿಟ್ಟು ಸೊಸೆಯ ಹತ್ತಿರ ಯಾಕೆ ಇದ್ದೀ ಎಂದು ನನ್ನ ತಂಗಿ ಫೋನಿನಲ್ಲಿ ಕೇಳಿದಳು. ಅಲ್ಲಿಗೆ ಹೋದರೆ ಇನ್ನೊಬ್ಬಳಿಗೆ ಮೊದಲಿನಿಂದ ಎಲ್ಲ ಕಲಿಸಬೇಕು. ಇವಳು ಕಲಿತವಳು.

ಮನೆ ಸಿಗುವುದು ಸುಲಭವಿರಲಿಲ್ಲ. ಇಲ್ಲಿಯವರಿಗೆ ನಾವು ಬಾದಾಮಿಯವರಾದರೂ ಗಜೇಂದ್ರಗಡದವರಾದರೂ ಒಂದೇ, ಘಟ್ಟದ ಮೇಲಿನವರು. ಗೇಟಿನ ಹತ್ತಿರವೇ ನಿಲ್ಲಿಸಿ, ಮನೆ ಖಾಲಿ ಇಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿ ಕಳಿಸುತ್ತಾರೆ. ನಮ್ಮಲ್ಲಿ ಸಿಟ್ಟು ಬಂದರೆ ಬೈಯುತ್ತಾರೆ. ಇಲ್ಲಿ ಸಿಟ್ಟು ಬಂದರೆ ಮರ್ಯಾದೆ ಇನ್ನೂ ಹೆಚ್ಚು ಕೊಡುತ್ತಾರೆ. ಇದು ತಿಳಿಯುವುದಕ್ಕೇ ನನಗೆ ಒಂದು ವರ್ಷ ಹಿಡಿಯಿತು. ಕೊನೆಗೆ ಕೋಣೆ ಕೊಟ್ಟವಳು ಜಲಜಕ್ಕ, ತುಳು ಮಾತಾಡುವ ವಿಧವೆ. ಎರಡನೇ ದಿನವೇ ಹಿತ್ತಲಿಗೆ ಬಂದು ನಿಂತಳು.

"ಬೆಳಿಗ್ಗೆ ಬೆಳಿಗ್ಗೆ ಎಂತ ಮಾರಾಯ್ರೆ ಇದು, ಗೋಡೆ ಒಡೆಯುವ ಹಾಗೆ?"

"ರೊಟ್ಟಿ ಬಡಿಯೋದ್ರಿ."

"ಬಡಿಯದೆ ಮಾಡ್ಲಿಕ್ಕೆ ಆಗುದಿಲ್ವಾ?"

"ನೀವು ನಾತ ಬರಲಾರದಂಗ ಮೀನ ಮಾಡ್ರಿ, ನಾ ಸಪ್ಪಳ ಬರಲಾರದಂಗ ರೊಟ್ಟಿ ಮಾಡ್ತೀನಿ."

ಅವಳು ನಕ್ಕುಬಿಟ್ಟಳು. ಅಂದಿನಿಂದ ನಮ್ಮಿಬ್ಬರಿಗೆ ಹೊಂದಿಕೆ.

ಇಲ್ಲಿ ಎಲ್ಲವೂ ಇದೆ, ಕೂರುವ ಕಟ್ಟೆ ಮಾತ್ರ ಇಲ್ಲ. ಒಂದೊಂದು ಮನೆಗೆ ಒಂದೊಂದು ಕಾಂಪೌಂಡು, ನಡುವೆ ತೆಂಗಿನ ಮರ, ಗೇಟಿಗೆ ನಾಯಿ. ನಮ್ಮೂರಿನಲ್ಲಿ ಮಧ್ಯಾಹ್ನ ಕಟ್ಟೆಯ ಮೇಲೆ ಕೂತರೆ ಸಂಜೆಯೊಳಗೆ ಎಲ್ಲರ ಮಾನ ತೆಗೆದು ಮುಗಿಯುತ್ತಿತ್ತು. ಇಲ್ಲಿ ಯಾರ ಮಾನ ತೆಗೆಯಲಿ, ಯಾರೂ ಕಾಣುವುದಿಲ್ಲ. ಒಂಟಿತನ ಎಂದು ಓದಿದವರು ಹೇಳುವುದು ಇದಕ್ಕೇ ಇರಬೇಕು. ಅನ್ನವಾದರೂ ಚಲೋ ಎಂದರೆ ಅದೂ ಕೆಂಪು ಬಣ್ಣದ ಕುಚ್ಚಲಕ್ಕಿ, ಒಂದೊಂದು ಕಾಳು ಹಲ್ಲಿನಷ್ಟು ದಪ್ಪ. ಹೊಟ್ಟೆ ತುಂಬುತ್ತದೆ, ಊಟ ಮಾಡಿದ ಹಾಗೆ ಆಗುವುದಿಲ್ಲ.

ಮಾತಿನ ಕಥೆ ಬೇರೆ. ಕನ್ನಡ ಎಂದರೂ 'ಐತಿ' ಇಲ್ಲ, 'ಉಂಟು'. 'ಏನು' ಇಲ್ಲ, 'ಎಂತ'. ತಮ್ಮ ತಮ್ಮಲ್ಲಿ ತುಳು. ನಾನು ಮೊದಲು ಕಲಿತ ತುಳು ಮಾತು 'ಗೊತ್ತುಜ್ಜಿ'. ಹಾಗೆಂದರೆ ಗೊತ್ತಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ರೇಷನ್ ಸಾಲಿನಲ್ಲಿ ಯಾರು ಏನೇ ಕೇಳಿದರೂ ಗೊತ್ತುಜ್ಜಿ ಎಂದರೆ ಮುಗಿಯಿತು, ಬಿಟ್ಟುಬಿಡುತ್ತಾರೆ. ಅದೇ ಮಾತು ಮುಂದೆ ನನ್ನ ನೌಕರಿಯಾಗುತ್ತದೆ ಎಂದು ಆಗ ತಿಳಿದಿರಲಿಲ್ಲ.

ರೇಣುಕಾ ಪಿಯುಸಿ ಮುಗಿಸಿದವಳು. ಇಲ್ಲಿ ಮಾಡುತ್ತಿದ್ದದ್ದು ಮಣಿಪಾಲದ ಅಪಾರ್ಟ್‌ಮೆಂಟುಗಳಲ್ಲಿ ಮೆಟ್ಟಿಲು ಒರೆಸುವುದು, ಪಾಯಖಾನೆ ತೊಳೆಯುವುದು. ಆಸಿಡ್ ಹಾಕಿ ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಫೋನಿಗೆ ಹೆಬ್ಬೆರಳು ಒತ್ತಿದರೆ ಅದು ಇವಳು ಯಾರೋ ಬೇರೆ ಎನ್ನುತ್ತಿತ್ತು. ಬೆಳಿಗ್ಗೆ ಎದ್ದು ನನ್ನ ಜೊತೆ ರೊಟ್ಟಿ ಮಾಡಿ, ಕೆಲಸಗಾರರ ಶೆಡ್ಡುಗಳಿಗೆ ಕೊಟ್ಟು, ಆಮೇಲೆ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದಳು. ಅಲ್ಲಿ ಒಬ್ಬ ಹೆಂಗಸು ಈ ತರಬೇತಿಯ ಸುದ್ದಿ ಹೇಳಿದಳಂತೆ.

ಅದು ಏನೆಂದರೆ, ಕೆಲಸ ಹುಡುಕುವವರಿಗೆ, ಸಣ್ಣ ವ್ಯಾಪಾರ ಮಾಡುವವರಿಗೆ ಫೋನು, ಕಂಪ್ಯೂಟರ್ ಕಲಿಸುವ ಯೋಜನೆ. ಆದರೆ ಇವರು ನೇರವಾಗಿ ಕಲಿಸುವುದಿಲ್ಲ. ಕಲಿಸುವವರನ್ನು ತಯಾರು ಮಾಡುತ್ತಾರೆ. ಪಾಸಾದವರನ್ನು ಸಂಬಳಕ್ಕೆ ಇಟ್ಟುಕೊಂಡು ಕಾಪು, ಕಾರ್ಕಳ, ಬಜಗೋಳಿಯ ತನಕ ಊರೂರಿಗೆ ಕಳಿಸುತ್ತಾರೆ. ಮೀನು ಮಾರುವವಳಿಗೆ, ಬೀಡಿ ಕಟ್ಟುವವಳಿಗೆ, ಶೆಡ್ಡಿನಲ್ಲಿರುವ ನಮ್ಮ ಕಡೆಯ ಹೆಂಗಸರಿಗೆ, ಫೋನಿನಲ್ಲೇ ಕೆಲಸಕ್ಕೆ ಅರ್ಜಿ ಹಾಕುವುದು, ಫೋನಿನಲ್ಲೇ ಅಂಗಡಿ ತೆರೆಯುವುದು ಇವೆಲ್ಲ ಕಲಿಸಬೇಕು. ಕೊರಳಿಗೆ ಗುರುತಿನ ಚೀಟಿ, ಕೂರಲು ಕುರ್ಚಿ. ಇದನ್ನು ಹೇಳುವಾಗ ರೇಣುಕಾ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಆ ಕೆಲಸ ಅವಳಿಗೆ ಎಷ್ಟು ಬೇಕಾಗಿತ್ತು ಎಂದು ತಿಳಿಯಲು ಶಾಲೆ ಓದಬೇಕಾಗಿಲ್ಲ.

ನಡೆಸುವವಳು ಕಡಿಯಾಳಿಯ ವಿದ್ಯಾ ಮೇಡಂ. ಕಲಿಸುವವರು ಸಿಕ್ಕಿದರು, ಅವರು ಅಭ್ಯಾಸ ಮಾಡಲು ಏನೂ ತಿಳಿಯದ ಮೂರು ನಾಲ್ಕು ಜನ ಬೇಕಾಗಿತ್ತು. ಒಂದು ಮನೆಯಿಂದ ಒಬ್ಬರೇ ಎಂಬ ನಿಯಮ ಬೇರೆ. ರೇಣುಕಾ ಅಲ್ಲಿ ಒಂದು ಮಾತು ಹೇಳಿ ಬಂದಿದ್ದಳು. ಮನೆಯಲ್ಲಿ ಸೆರಗು ಹೊದ್ದು ಬಾಗಿಲ ಹತ್ತಿರ ನಿಂತಳು.

"ಅತ್ತಿ, ತಪ್ಪ ತಿಳೀಬ್ಯಾಡ್ರಿ. ನಮ್ಮ ಓಣ್ಯಾಗ ಒಬ್ಬಾಕಿ ಮುದುಕಿ ಅದಾಳ, ಏನೂ ಗೊತ್ತಿಲ್ಲ ಆಕಿಗೆ ಅಂತ ಹೇಳಿ ಬಂದೀನಿ."

"ಯಾರು?"

"ನೀವ್ರಿ."

"ಊಟ ಕೊಡ್ತಾರೇನು?"

"ಕೊಡ್ತಾರ್ರಿ. ದಿನಕ್ಕಿಷ್ಟು ಅಂತ ರೊಕ್ಕಾನೂ ಕೊಡ್ತಾರ."

"ಹಂಗಾರ ಬರ್ತೀನಿ. ಅಲ್ಲಿ ನಾ ನಿನಗ ಏನೂ ಆಗಬೇಕಾಗಿಲ್ಲ, ತಿಳೀತೇನು?"

ಹೀಗೆ ಒಂದೇ ಮನೆಯಿಂದ ಹೊರಟು ಒಂದೇ ಬಸ್ಸಿಗೆ ಹತ್ತಿ, ಅವಳು ಮುಂದೆ, ನಾನು ಹಿಂದೆ ಕೂರುತ್ತಿದ್ದೆವು. ಮನೆಯಲ್ಲಿ ನನ್ನೆದುರು ತಲೆಯ ಮೇಲಿನ ಸೆರಗು ಜಾರಗೊಡದವಳು ಅಲ್ಲಿ ಚೂಡಿದಾರ ಹಾಕಿ, ವೇಲ್ ಹೆಗಲ ಮೇಲೆ ಬಿಟ್ಟು, ಕುರ್ಚಿಯಲ್ಲಿ ನನ್ನ ಸಮಕ್ಕೆ ಕೂತು, "ಅಮ್ಮಾ, ನಿಮ್ಮ ಹೆಸರೇನು?" ಎಂದು ಕೇಳುತ್ತಿದ್ದಳು. ನಾನು ಹೆಸರು ಹೇಳುತ್ತಿದ್ದೆ. ನಗು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ನಗುವ ರೂಢಿ ಮೊದಲೂ ಕಡಿಮೆ.

ಆ ಹೆಂಗಸರು ನನ್ನ ಮುಂದೆಯೇ ನನ್ನ ಬಗ್ಗೆ ಮಾತಾಡುತ್ತಿದ್ದರು. ಕಿವುಡಿ ಎಂದುಕೊಂಡಿದ್ದರೋ ದನ ಎಂದುಕೊಂಡಿದ್ದರೋ ಕಾಣೆ. ಕಾಪುವಿನಿಂದ ಬರುತ್ತಿದ್ದ ಪ್ರತಿಮಾ ಅವರಲ್ಲೆಲ್ಲ ಚುರುಕು, ನಾಲಿಗೆಯೂ ಚುರುಕು. "ಈ ಅಜ್ಜಿಗೆ ಕಲಿಸಿದ್ರೆ ನಮ್ಮ ಮನೆ ಎಮ್ಮೆಗೂ ಕೆಲಸ ಕೊಡಿಸ್ಬಹುದು ಮಾರಾಯ್ತಿ," ಎಂದು ಪಕ್ಕದವಳಿಗೆ ಹೇಳಿದಳು. ನಾನು ಅವಳ ಮುಖ ನೋಡಿ "ಗೊತ್ತುಜ್ಜಿ" ಎಂದೆ. ಎಲ್ಲರೂ ನಕ್ಕರು. ಆ ದಿನ ಪಾಯಸವೂ ಇತ್ತು.

ಅಲ್ಲಿ ವಿದ್ಯಾ ಮೇಡಂ ಇಟ್ಟಿದ್ದ ದೊಡ್ಡ ಕಟ್ಟಳೆ ಒಂದೇ. ಕಲಿಯುವವರ ಕೈಯಲ್ಲಿರುವ ಫೋನನ್ನು ಕಲಿಸುವವರು ಮುಟ್ಟಬಾರದು. ಬಾಯಲ್ಲಿ ಹೇಳಬೇಕು, ಕಾಯಬೇಕು. ಕೇಳಲು ಇದು ಸಣ್ಣ ಮಾತು. ಮಾಡಲು ಹೋದಾಗ ಒಬ್ಬಳಿಗೂ ಆಗಲಿಲ್ಲ. ನಾನು ಎಲ್ಲೋ ಒತ್ತಿ ತಪ್ಪಿದ ಕೂಡಲೇ, "ಕೊಡಿ ಅಜ್ಜಿ, ಹೀಗೆ," ಎಂದು ಕಿತ್ತುಕೊಂಡು ತಾವೇ ಮಾಡಿ, ಆಯ್ತು ನೋಡಿ ಎಂದು ಹಿಂದೆ ಕೊಡುತ್ತಿದ್ದರು.

"ಮುಟ್ಟಬಾರದು ಮಾರಾಯ್ರೆ," ಎಂದು ಮೇಡಂ ತಲೆ ಚಚ್ಚಿಕೊಂಡಳು. "ನೀವು ಮಾಡಿ ತೋರಿಸಿದ್ರೆ ನೀವು ಇನ್ನೊಂದು ಸಲ ಕಲಿತ ಹಾಗಾಯ್ತು. ಅವರು ಎಂತ ಕಲಿತರು?"

ಮಾತು ಕೇಳದಿದ್ದಾಗ ಒಂದು ದಿನ ಎಲ್ಲರ ವೇಲ್ ತೆಗೆಸಿ, ಅದರಿಂದಲೇ ಅವರವರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿದಳು. ಪೊಲೀಸರು ಕಳ್ಳರನ್ನು ತಂದು ಕೂರಿಸಿದ ಹಾಗೆ ಹೆಂಗಸರು ಸಾಲಾಗಿ ಕೂತು ನನಗೆ ಪಾಠ ಹೇಳಿದರು. ಕೈ ಏಳುವ ಹಾಗಾದಾಗ ಹೇಳಲಿಕ್ಕೆಂದು ಒಂದು ಮಾತನ್ನೂ ಬಾಯಿಪಾಠ ಮಾಡಿಸಿದ್ದಳು. "ನೀವೇ ಮಾಡಿ ನೋಡಿ ಅಮ್ಮಾ, ನಾನು ಇಲ್ಲೇ ಇದ್ದೇನೆ." ಅದನ್ನು ಎಷ್ಟು ಸಲ ಕೇಳಿದೆನೆಂದರೆ, ಮನೆಗೆ ಬಂದು ಕಣ್ಣು ಮುಚ್ಚಿದರೂ ಕಿವಿಯಲ್ಲಿ ಅದೇ.

ನನಗೆ ಆ ಕಟ್ಟಳೆ ವಿಚಿತ್ರವಾಗಿ ಕಂಡಿತು. ನಮ್ಮಲ್ಲಿ ಒಳ್ಳೆಯ ಸೊಸೆ ಎಂದರೆ ಯಾರು? ಅತ್ತೆಯ ಕೈಯಲ್ಲಿ ಇದ್ದದ್ದು ತನ್ನ ಕೈಗೆ ತೆಗೆದುಕೊಳ್ಳುವವಳು. ಕೊಡ, ಮೊರ, ಕಸಬರಿಗೆ, ಏನೇ ಇರಲಿ. ರೇಣುಕಾ ಮದುವೆಯಾಗಿ ಬಂದ ಹೊಸತರಲ್ಲಿ ನಾನು ನೀರಿನ ಕೊಡ ಎತ್ತುವಾಗ ನಿಂತು ನೋಡುತ್ತಿದ್ದಳು. ಕೊಡ ಇಳಿಸಿ, ಒಲೆಯ ಮುಂದಿದ್ದ ಊದುಗೊಳವೆಯಿಂದ ಅವಳ ಮೊಣಕೈಗೆ ಒಂದು ಕೊಟ್ಟೆ. ಎರಡನೇ ಸಲ ಹೇಳಬೇಕಾಗಲಿಲ್ಲ. ಅಂದಿನಿಂದ ನಾನು ಯಾವುದಕ್ಕೆ ಕೈ ಹಾಕಿದರೂ ಅವಳ ಕೈ ಮೊದಲು ಬರುತ್ತದೆ, ಮಾತು ಆಮೇಲೆ. "ಬಿಡ್ರಿ ಅತ್ತಿ, ನಾ ಮಾಡ್ತೀನಿ." ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ನನ್ನ ಅತ್ತೆ ನನಗೆ ಕಲಿಸಿದ್ದು ಇನ್ನೂ ದಪ್ಪ ಕೋಲಿನಿಂದ.

ಇಲ್ಲಿಯ ಹಲವು ಮನೆಗಳಲ್ಲಿ ರೀತಿ ಬೇರೆ. ಪ್ರತಿಮಾಳ ಗಂಡ ಗಲ್ಫಿನಲ್ಲಿ, ಅವಳು ಇರುವುದು ತನ್ನ ತಾಯಿಯ ಮನೆಯಲ್ಲಿ. ಅವಳ ತಾಯಿಯೂ ತನ್ನ ತಾಯಿಯ ಮನೆಯಲ್ಲೇ ಇದ್ದವಳಂತೆ. ಮನೆ ಹೆಣ್ಣುಮಕ್ಕಳದ್ದು, ಅತ್ತೆ ಎಂದರೆ ಹಬ್ಬಕ್ಕೆ ಹೋಗಿ ನೋಡಿಬರುವ ನೆಂಟಳು. ಆ ಹುಡುಗಿಯ ಕೈ ಯಾವ ಮುದುಕಿಯ ಕೊಡವನ್ನೂ ಕಸಿದದ್ದಲ್ಲ. ಹೀಗಾಗಿ ಮುಟ್ಟದೆ ಕಲಿಸುವುದನ್ನು ಎಲ್ಲರಿಗಿಂತ ಮೊದಲು ಕಲಿತವಳು ಅವಳೇ. ನಾನು ಒದ್ದಾಡುವುದನ್ನು ಆರಾಮಾಗಿ ನೋಡುತ್ತಾ ಕೂರುತ್ತಿದ್ದಳು, ಮೀನು ಬಲೆಗೆ ಬೀಳುವುದನ್ನು ನೋಡುವವರ ಹಾಗೆ.

ರೇಣುಕಾಳಿಗೂ ಬೇರೆಯವರೊಂದಿಗೆ ಕಷ್ಟವಾಗಲಿಲ್ಲ. ಕಾರ್ಕಳದಿಂದ ಬರುತ್ತಿದ್ದ ಬೀಡಿ ಕಟ್ಟುವ ಹೆಂಗಸಿಗೆ ಕೈ ಹಿಂದಿಟ್ಟುಕೊಂಡೇ ಚೆನ್ನಾಗಿ ಕಲಿಸಿದಳು. ನನ್ನ ಎದುರು ಕೂತ ದಿನಗಳಲ್ಲಿ ವೇಲಿನ ತುದಿಯನ್ನು ಎರಡೂ ಕೈಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಮೇಡಂ ಅದನ್ನು ನೋಡಿ, ನಾಚಿಕೆ ಸ್ವಭಾವ ಅಲ್ವಾ, ಎನ್ನುತ್ತಿದ್ದಳು.

ಇಷ್ಟು ಜನ ಇಷ್ಟು ಸಲ ಕಲಿಸಿದರೆ ಕಲ್ಲಿಗೂ ಬರುತ್ತದೆ. ನನಗೂ ಬಂತು. ಅದನ್ನು ತೋರಿಸುವ ಹಾಗಿರಲಿಲ್ಲ. ನನ್ನ ಜೊತೆ ಬಂದಿದ್ದ ಇನ್ನಿಬ್ಬರು ಬೇಗ ಕಲಿತುಬಿಟ್ಟು, ನೀವು ಇನ್ನು ಬೇಡ ಎಂದು ಹೇಳಿಸಿಕೊಂಡು ಹೋದರು, ಅವರ ಜಾಗಕ್ಕೆ ಹೊಸಬರು ಬಂದರು. ನಾನು ಪ್ರತಿದಿನ ಬೆಳಿಗ್ಗೆ ನಿನ್ನೆಯದನ್ನು ಮರೆತು ಬರುತ್ತಿದ್ದೆ. "ಇವರ ಹಾಗೆ ಇನ್ನೊಬ್ಬರು ಸಿಗ್ಲಿಕ್ಕಿಲ್ಲ," ಎಂದು ಮೇಡಂ ಹೊರಗಿನವರಿಗೆ ಹೇಳುತ್ತಿದ್ದಳು. ಜೀವನದಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಮನೆಯಲ್ಲಿ ಮಾತ್ರ ಕಲಿತದ್ದನ್ನು ಬಿಡಲಿಲ್ಲ. ಫೋನಿನಲ್ಲಿ ರೊಟ್ಟಿಯ ಅಂಗಡಿ ತೆರೆದೆ, ಫೋಟೋ ಹಾಕಿದೆ, ಬೆಲೆ ಬಾಯಲ್ಲಿ ಹೇಳಿ ಬರೆಸಿದೆ. ಮೂರನೇ ದಿನ ಹಾಸ್ಟೆಲಿನಿಂದ ಗದಗ ಕಡೆಯ ಒಬ್ಬ ಹುಡುಗ, "ಶೇಂಗಾ ಚಟ್ನಿ ಐತೇನ್ರಿ ಅಮ್ಮಾ?" ಎಂದು ಕೇಳಿ ಕಳಿಸಿದ. ಕಣ್ಣಲ್ಲಿ ನೀರು ಬಂತು ಎಂದು ಹೇಳಿದರೆ ನಿಮಗೆ ಖುಷಿಯಾದೀತು. ಬರಲಿಲ್ಲ. ಇಂಥವರು ಇನ್ನೂ ಇರಬೇಕೆಂದು ಚಟ್ನಿಯ ಬೆಲೆ ಏರಿಸಿದೆ. ಆದರೂ ಆ 'ಐತೇನ್ರಿ'ಯನ್ನು ಅಳಿಸಿಲ್ಲ, ಫೋನಿನಲ್ಲಿ ಹಾಗೇ ಇದೆ.

ಪರೀಕ್ಷೆಯ ದಿನ ಬಂತು. ನೋಡಲು ಹೊರಗಿನಿಂದ ಇಬ್ಬರು ಬಂದಿದ್ದರು, ಕನ್ನಡಕದ ಒಬ್ಬ ಗಂಡಸು, ಹತ್ತಿ ಸೀರೆಯ ಒಬ್ಬ ಹೆಂಗಸು. ಯಾರು ಯಾರಿಗೆ ಕಲಿಸಬೇಕೆಂದು ಸ್ಟೀಲಿನ ಬೋಗುಣಿಯಿಂದ ಚೀಟಿ ಎತ್ತಿಸಿದರು. ರೇಣುಕಾಳಿಗೆ ನನ್ನ ಹೆಸರು ಬಂತು. ಅವಳು ಚೀಟಿ ನೋಡಿ ಮಡಚಿದಳು, ಮತ್ತೆ ಬಿಡಿಸಿ ನೋಡಿದಳು. ನನಗೋ ಒಳಗೊಳಗೇ ಒಳ್ಳೆಯದಾಯಿತು ಎನ್ನಿಸಿತು. ಏನೂ ತಿಳಿಯದವರ ಹಾಗೆ ಇರುವುದರಲ್ಲಿ ನನ್ನನ್ನು ಮೀರಿಸಿದವರು ಅಲ್ಲಿ ಯಾರಿದ್ದರು? ಮೊದಲಿಗೆ ಒಂದು ಸಣ್ಣ ತಪ್ಪು, ಕೊನೆಗೆ ಒಂದು ದೊಡ್ಡ ತಪ್ಪು ಮಾಡುವುದು, ಅವಳು ಬಾಯಿಮಾತಿನಲ್ಲೇ ತಿದ್ದುವುದು, ಬಂದವರು ತಲೆದೂಗುವುದು. ಎಲ್ಲ ಲೆಕ್ಕ ಹಾಕಿಕೊಂಡು ಕುರ್ಚಿಯಲ್ಲಿ ಕೂತೆ.

"ನಮಸ್ಕಾರ ಅಮ್ಮಾ, ನಾನು ರೇಣುಕಾ. ಇವತ್ತು ನಾವಿಬ್ಬರೂ ಸೇರಿ ನಿಮ್ಮ ಅಂಗಡಿ ತೆರೆಯೋಣ," ಎಂದಳು. ಇಲ್ಲಿಯವರ ಹಾಗೆ ಒಂದೊಂದು ಅಕ್ಷರ ತೊಳೆದು ಇಟ್ಟ ಕನ್ನಡ. ರೊಟ್ಟಿಯ ಫೋಟೋ ಹಾಕುವಾಗ ನಾನು ಬೇಕೆಂದೇ ಬೇರೆ ಕಡೆ ಒತ್ತಿದೆ. ಅವಳು ಕದಲಲಿಲ್ಲ. "ಪರವಾಗಿಲ್ಲ ಅಮ್ಮಾ. ಹಿಂದಕ್ಕೆ ಹೋಗುವ ಗುರುತು ಎಲ್ಲಿದೆ ಹುಡುಕಿ. ನೀವೇ ಮಾಡಿ ನೋಡಿ, ನಾನು ಇಲ್ಲೇ ಇದ್ದೇನೆ." ಹತ್ತಿ ಸೀರೆಯವಳು ಏನೋ ಬರೆದುಕೊಂಡು ನಕ್ಕಳು. ವಿದ್ಯಾ ಮೇಡಂ ಹಿಂದಿನಿಂದ ಹೆಬ್ಬೆರಳು ತೋರಿಸಿದಳು. ಇವಳಿಗೆ ಕಲಿಸಲು ಬರುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು. ಶೆಡ್ಡಿನಲ್ಲಿರುವ ನಮ್ಮ ಹೆಂಗಸರು ಇವಳ ಮುಂದೆ ಕೂತರೆ ಹೆದರುವುದಿಲ್ಲ.

ಉಳಿದದ್ದು ಕೊನೆಯ ಒಂದು ಕೆಲಸ, ಗಿರಾಕಿಗೆ ಉತ್ತರ ಕಳಿಸುವುದು. ದೊಡ್ಡ ತಪ್ಪಿಗೆ ಇದೇ ಜಾಗ ಎಂದುಕೊಂಡೆ. ಬರೀ ತಪ್ಪು ಒತ್ತಿದರೆ ಸಾಲದು, ಹೆದರಿದ ಮುದುಕಿಯ ಹಾಗೆ ಕಾಣಬೇಕು ಎಂದು ಕೈ ನಡುಗಿಸಿದೆ. ಮನೆಯಲ್ಲಿ ನನ್ನ ಕೈ ನಡುಗುವುದಿಲ್ಲ. ಅಂದು ನಡುಗಿಸಿದೆ. ಫೋನು ಒಂದು ಕಡೆಗೆ ವಾಲಿತು.

ಅವಳ ಎರಡು ಕೈಗಳೂ ಬಂದವು. ಬಲಗೈ ನನ್ನ ಕೈಯಿಂದ ಫೋನು ತೆಗೆದುಕೊಂಡಿತು. ಎಡಗೈ ವೇಲನ್ನು ಎತ್ತಿ ತಲೆಯ ಮೇಲೆ ಹೊದ್ದಿಸಿತು. ಕುರ್ಚಿಯಿಂದ ಯಾವಾಗ ಎದ್ದಳೋ, ನನ್ನ ಮುಂದೆ ನಿಂತಿದ್ದಳು.

"ಬಿಡ್ರಿ ಅತ್ತಿ, ನಾ ಮಾಡ್ತೀನಿ."

ರೇಣುಕಾ ತನ್ನ ಕೈಯಲ್ಲಿದ್ದ ಫೋನನ್ನು, ಯಾರೋ ತಂದು ಇಟ್ಟುಹೋದರು ಎಂಬಂತೆ ನೋಡುತ್ತಿದ್ದಳು. ಮೊದಲು ನಕ್ಕವಳು ಪ್ರತಿಮಾ. "ಅಯ್ಯೋ ದೇವರೇ, ಅತ್ತೆಯಾ?" ಆಮೇಲೆ ನಗು ಎಲ್ಲ ಕಡೆ ಹಬ್ಬಿತು. ಹತ್ತಿ ಸೀರೆಯವಳು ನನ್ನ ಕಡೆ ತಿರುಗಿ, "ಇವರು ನಿಮ್ಮ ಸೊಸೆಯಾ ಅಮ್ಮಾ?" ಎಂದು ಕೇಳಿದಳು.

"ಗೊತ್ತುಜ್ಜಿ," ಎಂದೆ. ಬೇರೆ ಏನು ಹೇಳಲಿ.

ಫೇಲು ಎಂದು ಬಾಯಿಬಿಟ್ಟು ಹೇಳಲಿಲ್ಲ. ಮರ್ಯಾದೆ ಹೆಚ್ಚು ಕೊಟ್ಟರು, ನನಗೆ ತಿಳಿಯಿತು. ವಿದ್ಯಾ ಮೇಡಂ ಇಬ್ಬರನ್ನೂ ಮೂಲೆಗೆ ಕರೆದಳು. "ನೀವು ಸುಳ್ಳು ಹೇಳಿದ್ದು ಇರ್ಲಿ ರೇಣುಕಾ. ಫೋನ್ ತೆಗೆದ್ರಲ್ಲ, ಅದಕ್ಕೆ ನಾನು ಎಂತ ಹೇಳ್ಲಿ? ನಾಳೆ ಬಜಗೋಳಿಯಲ್ಲಿ ಇಂಥದ್ದೇ ಒಬ್ಬ ಅಜ್ಜಿಯ ಕೈ ನಡುಗಿದ್ರೆ ಅಲ್ಲಿಯೂ ತೆಗೀತೀರಿ, ಅಲ್ವಾ?" ರೇಣುಕಾ ನೆಲ ನೋಡುತ್ತಿದ್ದಳು. "ಮುಂದಿನ ತಂಡಕ್ಕೆ ಇನ್ನೊಂದು ಸಲ ಸೇರ್ಬಹುದು. ಆದ್ರೆ ಒಂದು ಮನೆಯಿಂದ ಒಬ್ಬರೇ. ಮತ್ತೆ ಅಜ್ಜಿಯನ್ನು ಬಿಡ್ಲಿಕ್ಕೆ ನನಗೆ ಮನಸ್ಸಿಲ್ಲ."

ಪ್ರತಿಮಾ ಪಾಸಾದಳು, ಅವಳಿಗೆ ಕೆಲಸ ಸಿಕ್ಕಿತು. ಅಂದು ಮೊದಲ ಸಲ ನಾನೂ ರೇಣುಕಾಳೂ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಬಂದೆವು. ಮುಚ್ಚಿಡುವುದು ಏನೂ ಉಳಿದಿರಲಿಲ್ಲ.

"ಕೈ ಯಾಕ ಹಾಕಿದಿ?" ಎಂದು ಕೇಳಿದೆ.

"ನಿಮ್ಮ ಕೈ ನಡುಗತಿತ್ರಿ."

"ನಾಟಕ ಮಾಡಿದ್ನಿ, ಹುಚ್ಚಿ."

"ನನಗ ಗೊತ್ತಿತ್ರಿ," ಎಂದಳು. "ಕೈಗೆ ಗೊತ್ತಿರಲಿಲ್ಲ."

ಆ ಹೊತ್ತಿಗೆ ಊದುಗೊಳವೆ ಇದ್ದಿದ್ದರೆ ಇನ್ನೊಂದು ಕೊಡುತ್ತಿದ್ದೆ.

ಆಮೇಲೆ ಕೆಲವು ದಿನ ನಾನು ಹೊಸ ತಂಡಕ್ಕೆ ಏನೂ ತಿಳಿಯದವಳಾಗಿ ಹೋದೆ. ಅವಳು ಮೆಟ್ಟಿಲು ಒರೆಸಲು ಹೋದಳು. ನೀನು ಯಾಕೆ ಜಾಗ ಬಿಡಲಿಲ್ಲ ಎಂದು ನೀವು ಕೇಳಬಹುದು. ಊಟ ಚಲೋ ಇತ್ತು. ಫ್ಯಾನು ಇತ್ತು. ಆದರೆ ಒಂದು ದಿನ ಹೊಸ ಹುಡುಗಿಯೊಬ್ಬಳು ನನ್ನ ಫೋನು ಕಿತ್ತುಕೊಂಡಾಗ ಮೇಡಂ ಎಲ್ಲರಿಗೂ ಆ ಕಥೆ ಹೇಳಿದಳು. ಹಿಂದಿನ ತಂಡದಲ್ಲಿ ಒಬ್ಬರು ತಲೆಗೆ ವೇಲ್ ಹೊದ್ದು ಅತ್ತೆಯ ಕೈಯಿಂದ ಫೋನ್ ತೆಗೆದರು ಎಂದು. ಹೆಸರು ಹೇಳಲಿಲ್ಲ, ಕೈ ಹೇಗೆ ಬಂತೆಂದು ಮಾಡಿ ತೋರಿಸಿದಳು. ಹುಡುಗಿಯರು ಹೊಟ್ಟೆ ಹಿಡಿದು ನಕ್ಕರು. ನನ್ನ ಸೊಸೆಯನ್ನು ಆಡಿಕೊಂಡು ನಗುವುದಾದರೆ ನಾನು ನಗಬೇಕು. ಅದು ನನ್ನ ಹಕ್ಕು, ಇವರದ್ದಲ್ಲ.

ಆ ಹುಡುಗಿಯ ಕೈಯಿಂದ ಫೋನು ಕಸಿದುಕೊಂಡೆ. ಅಂಗಡಿ ತೆರೆದೆ, ಫೋಟೋ ಹಾಕಿದೆ, ಬೆಲೆ ಹಾಕಿದೆ, ಗಿರಾಕಿಗೆ ಉತ್ತರ ಕಳಿಸಿದೆ, ಮ್ಯಾಪಿನಲ್ಲಿ ಅಲೆವೂರಿನ ಮನೆಗೆ ಗುರುತು ಹಾಕಿದೆ. ಯಾರೂ ಹೇಳಿಕೊಡಲಿಲ್ಲ. ಮೇಡಂ ಬಾಯಿ ತೆರೆದು ನಿಂತಳು.

"ಅಜ್ಜಿ, ನಿಮಗೆ ಇಷ್ಟೆಲ್ಲ ಗೊತ್ತುಂಟಾ?"

"ಎಲ್ಲ ಗೊತ್ತೈತಿ."

"ಹಾಗಾದ್ರೆ ನೀವು ಇಲ್ಲಿಗೆ ಆಗುದಿಲ್ವಲ್ಲ ಮಾರಾಯ್ರೆ."

"ಅದಕ್ಕ ತೋರಿಸಿದ್ನಿ. ನನ್ನ ಹೆಸರು ಹೊಡದು ಹಾಕಿ ಸೊಸಿ ಹೆಸರು ಬರಕೋರಿ."

ಕಲಿತದ್ದಕ್ಕೆ ಕೆಲಸ ಕಳೆದುಕೊಂಡವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ರೇಣುಕಾಳ ಹೆಸರು ಸೇರಿತು. ಆದರೆ ಕೈ ಅದೇ ಕೈ. ಅದನ್ನು ಬಿಡಿಸುವವರು ಯಾರು? ಕಟ್ಟಿದವಳೇ ಬಿಚ್ಚಬೇಕು. ಇನ್ನು ಮೇಲೆ ಮನೆಯಲ್ಲಿ ನನ್ನ ಕೈಯಲ್ಲಿದ್ದದ್ದು ಏನೇ ಇರಲಿ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದೆ. ಅವಳು ಹೂಂ ಎಂದಳು. ನಾನು ಹೇಳಿದ್ದಕ್ಕೆ ಅವಳು ಯಾವತ್ತೂ ಇಲ್ಲ ಎಂದವಳಲ್ಲ.

ಈಗ ನಮ್ಮ ಮನೆಯಲ್ಲಿ ಬೆಳಿಗ್ಗೆ ಪಾಠ ನಡೆಯುತ್ತದೆ. ನಾನು ಕೊಡ ಎತ್ತುತ್ತೇನೆ, ಅವಳು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾಳೆ. ಹಿಟ್ಟಿನ ಡಬ್ಬಿ ಅಟ್ಟದಿಂದ ಇಳಿಸುತ್ತೇನೆ, ನೋಡುತ್ತಾಳೆ. ಮೊದಲ ವಾರ ಅವಳ ಭುಜಗಳು ತಾವಾಗಿ ಮುಂದೆ ಬರುತ್ತಿದ್ದವು, ಮೊಮ್ಮಗಳು, "ಅಮ್ಮ, ಕೈ," ಎಂದು ನೆನಪಿಸುತ್ತಿದ್ದಳು. ಈಗ ಬರುವುದಿಲ್ಲ.

ಮೊನ್ನೆ ರೊಟ್ಟಿಯ ಹಿಟ್ಟಿಗೆ ಹಾಕಲು ಕುದಿಯುವ ಎಸರಿನ ಬೋಗುಣಿ ಇಳಿಸುತ್ತಿದ್ದೆ. ಈ ಸಲ ನಾಟಕವಲ್ಲ. ವಯಸ್ಸಿಗೆ ಕೈ ನಿಜವಾಗಿಯೂ ಸೋತಿತು. ಬೋಗುಣಿ ವಾಲಿ ಅರ್ಧ ನೀರು ಎಡಗಾಲಿನ ಮೇಲೆ ಬಿತ್ತು. ನಾನು ಕೂಗಿದ್ದು, ಬೈದದ್ದು ಮುಂದಿನ ಮನೆಗೆ ಕೇಳಿ ಜಲಜಕ್ಕ ಓಡಿ ಬಂದಳು. ಬಂದು ನೋಡಿದರೆ ನಾನು ಒಂದು ಕಾಲ ಮೇಲೆ ನಿಂತಿದ್ದೇನೆ, ಉಳಿದರ್ಧ ಎಸರು ಇನ್ನೂ ನನ್ನ ಕೈಯಲ್ಲಿದೆ. ರೇಣುಕಾ ಎರಡು ಮಾರು ದೂರ, ಕೈ ಹಿಂದೆ. ಮುಖ ಬಿಳುಚಿತ್ತು. ಕೈ ಬಂದಿರಲಿಲ್ಲ.

"ಎಂತ ಮಾರಾಯ್ತಿ, ಅತ್ತೆ ಕಾಲು ಸುಟ್ಟುಕೊಂಡ್ರೂ ನಿಂತು ನೋಡ್ತೀಯಲ್ಲ?" ಎಂದಳು ಜಲಜಕ್ಕ.

"ನೀವು ಹೋಗ್ರಿ," ಎಂದೆ. "ಪಾಠ ನಡದೈತಿ."

ರೇಣುಕಾ ಆ ತೊಳೆದಿಟ್ಟ ಕನ್ನಡದಲ್ಲಿ ಹೇಳಿದಳು. "ಬೋಗುಣಿಯನ್ನು ಮೊದಲು ನೆಲಕ್ಕೆ ಇಡಿ ಅಮ್ಮಾ. ಆಮೇಲೆ ಕಾಲಿಗೆ ತಣ್ಣೀರು ಹಾಕಿಕೊಳ್ಳಿ. ನೀವೇ ಮಾಡಿ ನೋಡಿ, ನಾನು ಇಲ್ಲೇ ಇದ್ದೇನೆ."

ಇಟ್ಟೆ. ಹಾಕಿಕೊಂಡೆ. ಬೊಬ್ಬೆ ಎದ್ದಿದೆ, ಬೊಬ್ಬೆ ಆರುತ್ತದೆ. ಈ ಸಲ ಅವಳು ಪಾಸಾಗುತ್ತಾಳೆ.

ತಂಗಿಯ ಮೊಮ್ಮಗಳ ಮದುವೆಗೆ ನಾವು ಊರಿಗೆ ಬರುತ್ತೇವೆ. ಆಗ ನೀವು ನೋಡುತ್ತೀರಿ, ಅತ್ತೆ ಕುಂಟುತ್ತಾ ನೀರಿನ ಕೊಡ ಹೊರುತ್ತಾಳೆ, ಸೊಸೆ ಕೈ ಹಿಂದೆ ಕಟ್ಟಿ ನಿಂತಿರುತ್ತಾಳೆ. ಕಟ್ಟೆಯ ಮೇಲೆ ಕೂತು ಬೇಕಾದಷ್ಟು ಆಡಿಕೊಳ್ಳಿರಿ. ನಾನು ಅಲ್ಲಿ ಕೂತಿದ್ದರೆ ನಿಮಗಿಂತ ಹೆಚ್ಚು ಆಡಿಕೊಳ್ಳುತ್ತಿದ್ದೆ. ನಿಮ್ಮಲ್ಲಿ ಯಾರದಾದರೂ ಒಳ್ಳೆಯ ಸೊಸೆ ಎದ್ದು ಬಂದು, ಬಿಡ್ರಿ ಆಯಿ, ನಾ ಒಯ್ತೀನಿ ಎಂದು ನನ್ನ ಕೊಡಕ್ಕೆ ಕೈ ಹಾಕುತ್ತಾಳೆ, ಅದೂ ನನಗೆ ಗೊತ್ತುಂಟು. ಆಗ ಕೊಡವನ್ನು ಬಿಡುತ್ತೇನೋ, ಹಿಡಿದುಕೊಳ್ಳುತ್ತೇನೋ, ಅದು ಮಾತ್ರ ಗೊತ್ತುಜ್ಜಿ.